ಎರಡು ಬದಿಯಿಂದ ತೆರೆಯುವ ಪುಸ್ತಕ

ನಲವತ್ತೆಂಟರ ಬೇಸಿಗೆಯ ಒಂದು ಮಧ್ಯಾಹ್ನ, ಮಣ್ಣೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಮೂವರಿದ್ದೆವು. ಕಂಬಕ್ಕೆ ಒರಗಿ ತೊಗರಿಬೇಳೆ ಆರಿಸುತ್ತಿದ್ದ ಆಯಿ, ಎಂದರೆ ನನ್ನ ಅಜ್ಜಿ; ಒಳಬಾಗಿಲ ಹತ್ತಿರ ಕೌದಿ ಹೊಲಿಯುತ್ತಿದ್ದ ಕಕ್ಕಿ, ಎಂದರೆ ನನ್ನ ಚಿಕ್ಕಪ್ಪ ಕಾಕಾನ ಹೆಂಡತಿ; ಮತ್ತು ತೊಡೆಯ ಮೇಲೊಂದು ಪುಸ್ತಕ ಇಟ್ಟುಕೊಂಡು ದೊಡ್ಡ ಪಂಡಿತನಂತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ ನಾನು. ಕಾಕಾ ಇರಲಿಲ್ಲ. ಮನೆಯ ಮುಂದೆ ತ್ರಿವರ್ಣ ಬಾವುಟ ಏರಿಸಿದ್ದಕ್ಕೆ ನಿಜಾಮರ ಪೊಲೀಸರು ಹಿಡಿಯಲು ಬಂದಾಗ ಭೀಮಾ ಹೊಳೆ ದಾಟಿ ಹೋಗಿದ್ದರು. ಈಚೆ ದಂಡೆ ನಿಜಾಮರ ಸೀಮೆ, ಆಚೆ ದಂಡೆ ಸ್ವತಂತ್ರ ಹಿಂದುಸ್ಥಾನ. ನಡುವೆ ಮೊಣಕಾಲುದ್ದ ನೀರು, ಮತ್ತು ಕಾವಲಿನವರು.

ಮನಸ್ಸಿಗೊಪ್ಪುವ ಮಾಯಾ-ಮಂತ್ರದ ಕಾದಂಬರಿ ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಹೆಣ್ಣಿಗಾದರೆ ಹಿರಿಯರು ನಾಲ್ಕು ಊರು ತಿರುಗುತ್ತಾರೆ. ಪುಸ್ತಕಕ್ಕೆ ನಾವೇ ತಿರುಗಬೇಕು. ಅದರಲ್ಲೂ ನಮ್ಮ ಸೀಮೆಯ ಶಾಲೆಯಲ್ಲಿ ಉರ್ದು. ಕನ್ನಡವನ್ನು ನಾನು ಕಲಿತದ್ದು ಮುತ್ಯಾನ, ಎಂದರೆ ಅಜ್ಜನ ಬಾಯಿಂದ, ಅಂಗಳದ ಮಣ್ಣಿನ ಮೇಲೆ ಅವರು ಬೆರಳಿಂದ ಬರೆದ ಅಕ್ಷರದಿಂದ. ಕನ್ನಡ ಪುಸ್ತಕವೊಂದು ಕಣ್ಣಿಗೆ ಬಿದ್ದರೆ ಅದೇ ಒಂದು ಮಾಯೆ. ಜೇವರ್ಗಿಯ ಸೋದರಮಾವ ಒಮ್ಮೆ, "ತಮ್ಮಾ, ಇದು ಭಾಳ ಚಲೋ ಅದ" ಎಂದು ಒಂದು ಕಾದಂಬರಿ ಕೊಟ್ಟರು. ಅದರಲ್ಲಿ ರಾಕ್ಷಸನೂ ನೀತಿ ಹೇಳುತ್ತಿದ್ದ. ಮಾವನಿಗೆ ಅದು ಹಿಡಿಸಿತ್ತು, ನನಗೆ ನಿದ್ದೆ ಹಿಡಿಸಿತು. ಒಬ್ಬರ ಚಪ್ಪಲಿಯಲ್ಲಿ ಇನ್ನೊಬ್ಬರು ನಡೆಯಬಹುದು. ಒಬ್ಬರ ರುಚಿಯಲ್ಲಿ ಇನ್ನೊಬ್ಬರು ಓದುವುದು ಆಗದ ಮಾತು.

ನಮ್ಮ ಆಯಿಗೆ ಇದರಲ್ಲಿ ಒಂದು ಪರೀಕ್ಷೆಯಿತ್ತು. ಪುಸ್ತಕದ ನಟ್ಟನಡುವಿನ ಪುಟ ಓದಿಸುವಳು. ಕೇಳಿ "ಮುಂದ?" ಎಂದರೆ ಪುಸ್ತಕ ಪಾಸು. ಹಾರುವ ಕುದುರೆಯನ್ನು ಅವಳು ಕಣ್ಣು ಮಿಟುಕಿಸದೆ ನಂಬುತ್ತಿದ್ದಳು. ಆದರೆ ಕುದುರೆ ಏರಿದವನು ಏಳು ಹಗಲು ಬುತ್ತಿಯಿಲ್ಲದೆ ಹೋದರೆ, "ಸುಳ್ಳು ಹೇಳಾಕತ್ತಾನ ಮುಂಡೇಮಗ. ರೊಟ್ಟಿ ಎಲ್ಲಿ ತಿಂದ್ನಂತ ಕೇಳು" ಎನ್ನುವಳು. ಪುಸ್ತಕವನ್ನು ಕೇಳುವುದು ಹೇಗೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಈಗ ತಿಳಿಯುತ್ತದೆ, ದೊಡ್ಡ ಸುಳ್ಳೊಂದು ನಿಲ್ಲಬೇಕಾದರೆ ಅದರ ಬುಡಕ್ಕೆ ಸಣ್ಣ ಸಣ್ಣ ನಿಜಗಳ ಕಲ್ಲು ಕೊಡಬೇಕು. ಕತೆಗೆ ಕಾಲಿಲ್ಲ ಎನ್ನುತ್ತಾರೆ. ಇಲ್ಲದಿದ್ದರೆ ಬೇಡ, ಹೊಟ್ಟೆಯಾದರೂ ಇರಬೇಕು.

ಕಕ್ಕಿಯ ರುಚಿ ಮಾತ್ರ ಯಾವ ಪರೀಕ್ಷೆಗೂ ಸಿಗಲಿಲ್ಲ. ಮೊದಲೆಲ್ಲ ಕತೆ ಎಂದರೆ ಒಲೆಯ ಮೇಲಿನ ರೊಟ್ಟಿ ಮರೆಯುತ್ತಿದ್ದವಳು, ಕಾಕಾ ಹೋದ ಮೇಲೆ ಕತೆ ಶುರುವಾದರೆ ಸಾಕು, ಎದ್ದು ಒಳಗೆ ಹೋಗುತ್ತಿದ್ದಳು. ಕಾರಣ ಕೇಳಬೇಕಾದ್ದಿರಲಿಲ್ಲ. ಇಂಥ ಕತೆಗಳೆಲ್ಲ ಒಬ್ಬ ಮನೆ ಬಿಟ್ಟು ಹೊರಡುವುದರಿಂದಲೇ ಶುರುವಾಗುತ್ತವೆ.

ಆ ಮಧ್ಯಾಹ್ನದ ಪುಸ್ತಕ ಮಾದನಹಿಪ್ಪರಗಿಯ ಗೆಳೆಯನೊಬ್ಬ ಸೊಲ್ಲಾಪುರದಿಂದ ತಂದದ್ದು. ರಟ್ಟು ಹೋಗಿತ್ತು, ಹೆಸರು ಹೋಗಿತ್ತು, ಹೊಲಿಗೆ ಹರಿದು ಹಾಳೆಗಳು ಬಿಡಿಯಾಗಿದ್ದವು. ನಾನು ಓದುತ್ತಿದ್ದ ಆಳಂದದ ಶಾಲೆ ಮುಚ್ಚಿ, ಊರಿಗೆ ಹೊರಡುವಾಗ ಅಲ್ಲಿನ ಪೇಟೆಯಲ್ಲಿ ಜಿಲ್ದು ಕಟ್ಟುವ ಚಾಚಾನ ಕೈಗೆ ಕೊಟ್ಟು ಹೊಸ ರಟ್ಟು ಹಾಕಿಸಿಕೊಂಡಿದ್ದೆ. ಹುಟ್ಟಿದಾಗಿನಿಂದ, ಬಲದಿಂದ ಎಡಕ್ಕೆ ಓದುವ ಉರ್ದು ಪುಸ್ತಕ ಕಟ್ಟಿದ ಕೈ ಅದು. ಪಾಪ, ರೂಢಿಯಂತೆ ಬಲಗಡೆಗೇ ಹೊಲಿದುಬಿಟ್ಟಿತ್ತು. ಉರ್ದು ಶಾಲೆಯಲ್ಲಿ ಓದಿದ ನನಗೂ ಅದು ಹೊಳೆಯಲಿಲ್ಲ ಎಂದರೆ ನನ್ನ ಪಾಂಡಿತ್ಯ ಎಷ್ಟೆಂದು ನೀವೇ ಅಳೆದುಕೊಳ್ಳಿ.

ಕನ್ನಡದ ರೀತಿಯಲ್ಲಿ ತೆರೆದೆ. ಓದಿದೆ. ರಾಜಕುಮಾರ ಕುದುರೆ ಇಳಿದ, ಬಾಗಿಲಲ್ಲಿ ನಿಂತ, ಹೆಂಡತಿ ಕಾಲಿಗೆ ನೀರು ಕೊಟ್ಟಳು. ಪುಟ ಮುಗಿಯಿತು, ಕೆಳಗೆ 'ಮುಗಿಯಿತು' ಎಂದೂ ಇತ್ತು. ಒಳಗೆ ಹೋಗಲು ಎದ್ದಿದ್ದ ಕಕ್ಕಿ ಹಾಗೇ ನಿಂತಳು.

"ಬಂದ್ನೇನು?"

"ಬಂದ, ಕಕ್ಕಿ. ಆದ್ರ ಇದು ಕಡೀ ಪುಟ. ಜಿಲ್ದು ತಿರುವಾಗ್ಯದ. ತಡಿ, ಆ ಬದಿಯಿಂದ ತೆಗಿತೇನಿ."

"ಬ್ಯಾಡ." ಕಕ್ಕಿ ಕುಳಿತು ಸೂಜಿಗೆ ದಾರ ಪೋಣಿಸಿದಳು. "ಹೀಂಗ ಓದು. ಮನಿಗಿ ಬಂದಾನಲ್ಲ, ಇನ್ನ ಏನಾರ ಆಗ್ಲಿ."

"ಅಯ್ಯ, ನಿನ್ನ!" ಎಂದಳು ಆಯಿ. "ಉಂಡ ಮ್ಯಾಲ ರೊಟ್ಟಿ ಬಡದಂಗಾತು."

ಹಾಗೇ ಓದಿದೆವು, ದಿನಕ್ಕಿಷ್ಟು, ಹಿಂದುಹಿಂದಕ್ಕೆ. ಸತ್ತ ರಾಕ್ಷಸ ಎದ್ದು ಕುಳಿತ. ಗಾಯಗಳು ಮಾಯ್ದವು, ಆಮೇಲೆ ಕತ್ತಿ ಬಿತ್ತು. ಕಾಡಿನಲ್ಲಿ ದಾರಿ ತಪ್ಪಿದವನನ್ನು ಕಂಡು ಆಯಿ ಹೌಹಾರಿದರೆ ಕಕ್ಕಿ, "ಅಂಜಬ್ಯಾಡ್ರಿ ಅತ್ತಿ, ಅಂವ ಬರ್ತಾನ, ನಾ ನೋಡೇನಿ" ಎಂದು ಸಮಾಧಾನ ಹೇಳುವಳು. ಹೊಳೆಯಾಚೆಯಿಂದ ಸುದ್ದಿ ಬಾರದ ವಾರಗಳಲ್ಲಿ ಆ ಮೊದಲ ಪುಟವನ್ನೇ, ಅಂದರೆ ಕಡೆಯ ಪುಟವನ್ನೇ, ಮತ್ತೆ ಓದಿಸುವಳು. ಮುಂದಿನದನ್ನು ಓದಲು ಹೋದರೆ ಕೈ ಅಡ್ಡ ಹಿಡಿಯುವಳು. ರಾಜಕುಮಾರ ಊರು ಬಿಡುವ ಪುಟಗಳು ಬಂದಾಗಲಂತೂ, "ಸಾಕು, ಅಷ್ಟ ಇರ್ಲಿ" ಎಂದು ಪುಸ್ತಕ ಮುಚ್ಚಿಸಿ ಗೂಡಿನಲ್ಲಿಟ್ಟಳು. ನನಗೆ ಚಡಪಡಿಕೆ. ಕುದುರೆಗೆ ರೆಕ್ಕೆ ಎಲ್ಲಿಂದ ಬಂತೆಂಬುದೇ ಆ ಪುಟಗಳಲ್ಲಿತ್ತು! ಆದರೂ ಗೂಡಿಗೆ ಕೈ ಹಾಕಲಿಲ್ಲ. ರುಚಿ ಎಂದು ನಾವು ಕರೆಯುವುದರಲ್ಲಿ ಅರ್ಧ ಪಾಲು, ಆಗ ನಮಗೆ ಏನು ಬೇಕಾಗಿದೆ ಎಂಬುದೇ ಇರುತ್ತದೆ.

ಭಾದ್ರಪದದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ತುಂಬಿದ ಹೊಳೆಯಲ್ಲಿ ಹರಗೋಲು ಬಂತು, ಅದರಲ್ಲಿ ಕಾಕಾ ಬಂದರು, ಸೊರಗಿದ್ದರು, ಗಡ್ಡ ಬಿಟ್ಟಿದ್ದರು. ಕಕ್ಕಿ ಕಾಲಿಗೆ ನೀರು ಕೊಟ್ಟಳು. ಊಟವಾದ ಮೇಲೆ ಕಾಕಾ ಗೂಡಿನಲ್ಲಿದ್ದ ಪುಸ್ತಕ ತೆಗೆದು ನೋಡಿ, "ಇದೇನಲೇ, ತೆಗಿಯೂದ್ರಾಗ ಮುಗದ ಹೋಗ್ಯದ?" ಎಂದರು.

ಕಕ್ಕಿ ಅವರ ಕೈಯಿಂದ ಪುಸ್ತಕ ತೆಗೆದುಕೊಂಡು, ಮಗುಚಿ, ನನ್ನ ಮುಂದಿಟ್ಟಳು. "ಇನ್ನ ಆ ಬದಿಯಿಂದ ಓದೋ ತಮ್ಮಾ. ಈಗ ಹೊರಡ್ಲಿ ಅಂವ."

ಆಯಿ ಕಂಬಕ್ಕೆ ಒರಗಿದಳು. "ಬುತ್ತಿ ಕಟಗೊಂಡಾನಿಲ್ಲೊ, ಮೊದಲ ಅದನ್ನ ನೋಡು" ಎಂದಳು. ಕಟ್ಟಿಕೊಂಡಿದ್ದ. ಆ ಸಂಜೆ ರಾಜಕುಮಾರ ನಮ್ಮ ಮನೆಯಲ್ಲಿ ಮೊದಲ ಸಲ ಊರು ಬಿಟ್ಟು ಹೊರಟ.