ಎಂಟು ಅರಿಶಿನದ ಬೊಟ್ಟು

ಮಕ್ಕಳೇ, ಇದು 2006ನೇ ಇಸವಿಯ ಬೇಸಿಗೆಯ ಮಾತು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಮೊಳಕಾಲ್ಮೂರಿನ ನಮ್ಮ ಮನೆಯಲ್ಲಿ ಎರಡು ರೇಷ್ಮೆ ಮಗ್ಗಗಳಿದ್ದವು. ಒಂದರಲ್ಲಿ ನಾನು ಕೂರುತ್ತಿದ್ದೆ, ಇನ್ನೊಂದರಲ್ಲಿ ನನ್ನ ಓರಗಿತ್ತಿ ಪಾಲಮ್ಮ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಹೊರಗಿನವರು ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತು ಮಾತಾಡುವವಳು. ಅಂಥವಳು ಹಾರಲು ನಿಂತ ರಾಕೆಟ್ಟಿನ ಪಕ್ಕ ಹೋಗಿ ನಿಂತಿದ್ದೆ ಎಂದರೆ ನೀವು ನಗುತ್ತೀರಿ. ನಿಮ್ಮಮ್ಮನೂ ಮೊದಲು ನಂಬಲಿಲ್ಲ.

ರಾಕೆಟ್ಟು ಶೈಲಜಾ ಎಂಬಾಕೆಯದು. ಚಳ್ಳಕೆರೆಯ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರ ಮಗಳು. ಚೆನ್ನಾಗಿ ಓದಿ ಸರ್ಕಾರದ ರಾಕೆಟ್ ಕೆಲಸಕ್ಕೆ ಸೇರಿ, ಹನ್ನೊಂದು ವರ್ಷ ದುಡಿದು, ಇದ್ದಕ್ಕಿದ್ದಂತೆ ಬಿಟ್ಟು ಬಂದಿದ್ದಳು. ತನ್ನದೇ ಕಂಪನಿ ಕಟ್ಟುತ್ತೇನೆ ಎಂದಳಂತೆ. ಗಿರಣಿಯ ಹಿಂದಿನ ತಗಡಿನ ಶೆಡ್ಡೇ ಆ ಕಂಪನಿ. ಚಳ್ಳಕೆರೆಯಲ್ಲಿ ಜನ ಅವಳಿಗೆ ಪಟಾಕಿ ಶೈಲಜಾ ಎಂದೇ ಹೆಸರಿಟ್ಟಿದ್ದರು.

ಅವಳು ನಮ್ಮ ಮನೆ ಹುಡುಕಿಕೊಂಡು ಬಂದದ್ದು ಸೀರೆಗಲ್ಲ. ರಾಕೆಟ್ಟು ಮೇಲೆ ಹೋದ ಮೇಲೆ ಅದರ ತುದಿಯಲ್ಲಿರುವ ಯಂತ್ರದ ಪೆಟ್ಟಿಗೆ ಕೆಳಕ್ಕೆ ಮೆಲ್ಲಗೆ ಇಳಿಯಬೇಕು. ಅದಕ್ಕೊಂದು ಪ್ಯಾರಾಚೂಟ್ ಬೇಕು. ನನ್ನ ಬಾಯಲ್ಲಿ ಆ ಮಾತು ತಿರುಗುತ್ತಿರಲಿಲ್ಲ, ಕೊಡೆ ಎನ್ನುತ್ತಿದ್ದೆ. ಹೊರದೇಶದಿಂದ ಬರಬೇಕಿದ್ದ ಬಟ್ಟೆ ಬಂದಿರಲಿಲ್ಲ. "ಹಿಂದೆಲ್ಲ ಇದನ್ನ ರೇಷ್ಮೆಯಲ್ಲೇ ಮಾಡ್ತಿದ್ರು ಅಕ್ಕ. ಜರಿ ಬ್ಯಾಡ, ಅಂಚು ಬ್ಯಾಡ, ಬರೀ ತೆಳ್ಳಗೆ ಒತ್ತಾಗಿ ನೇಯ್ದುಕೊಡ್ರಿ," ಎಂದಳು. ನೇಯ್ದೆ. ಎಂಟು ಪಟ್ಟಿ ಕತ್ತರಿಸಿ, ಅವಳು ತೋರಿಸಿದಂತೆ ಹೊಲಿದೆ. ಮಡಿಸುವುದನ್ನೂ ಹೇಳಿಕೊಟ್ಟಳು. ಎಂಟು ಪಟ್ಟಿಯ ಅಂಚುಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಮಗ್ಗದಿಂದ ಇಳಿದ ಬಟ್ಟೆ ಮೂಲೆಗೆ ಅರಿಶಿನ ಮುಟ್ಟಿಸಿಕೊಳ್ಳದೆ ಹೊಸಿಲು ದಾಟುವಂತಿಲ್ಲ. ನಿಮ್ಮ ತಾತ ಹೋದ ಮೇಲೆ ಆ ಕೆಲಸ ಪಾಲಮ್ಮನದಾಯಿತು. ಗಂಡ ಸತ್ತವಳು ಹೊಸ ಬಟ್ಟೆಗೆ ಅರಿಶಿನ ಹಚ್ಚುವುದುಂಟೇ? ಆದರೆ ಕೊಡೆ ತಯಾರಾದ ಸಂಜೆ ಪಾಲಮ್ಮ ನಾಯಕನಹಟ್ಟಿಗೆ ಹೋಗಿದ್ದಳು. ಮಾರನೆಯ ಬೆಳಿಗ್ಗೆಯೇ ಶೈಲಜಾಳ ಜೀಪು ಬರುವುದಿತ್ತು. ಆಕಾಶಕ್ಕೆ ಹೋಗುವ ಬಟ್ಟೆ, ಅರಿಶಿನವಿಲ್ಲದೆ ಹೇಗೆ ಕಳಿಸಲಿ ಎಂದು ಮನಸ್ಸು ಒಪ್ಪಲಿಲ್ಲ. ಬಾಗಿಲು ಹಾಕಿಕೊಂಡು ನಾನೇ ಹಚ್ಚಿದೆ. ಬರೀ ನೀರಲ್ಲಿ ಕಲಸಿದರೆ ರೇಷ್ಮೆಯಲ್ಲಿ ಅರಿಶಿನ ಹರಡುತ್ತದೆ ಎಂದು ನೂಲಿಗೆ ಹಾಕುವ ಗಂಜಿಯಲ್ಲಿ ಕಲಸಿ, ಎಂಟು ಪಟ್ಟಿಗೂ ಒಂದೊಂದು ಬೊಟ್ಟಿಟ್ಟೆ. ಯಾರಾದರೂ ಬಂದುಬಿಟ್ಟಾರೆಂಬ ಗಾಬರಿಯಲ್ಲಿ ಆರುವ ಮೊದಲೇ ಮಡಿಸಿ, ಚೀಲಕ್ಕೆ ತುಂಬಿ, ಬಿಗಿಯಾಗಿ ಕಟ್ಟಿಟ್ಟೆ.

ಬೆಳಿಗ್ಗೆ ಜೀಪು ಬಂತು. ಹೊಲಿಗೆ ಎಲ್ಲಾದರೂ ಬಿಟ್ಟರೆ ಸರಿಮಾಡಲು ನಾನೂ ಹೋಗಬೇಕಿತ್ತು. ದೊಡ್ಡಉಳ್ಳಾರ್ತಿಯ ಕಾವಲಿನಲ್ಲಿ, ಅಂದರೆ ದನ ಕುರಿ ಮೇಯುವ ಹುಲ್ಲು ಬಯಲಿನಲ್ಲಿ, ಹಾರಿಸುವುದು. ಎಷ್ಟೋ ಕಚೇರಿ ಅಲೆದು ಶೈಲಜಾ ಒಪ್ಪಿಗೆ ಪಡೆದಿದ್ದಳು. ಜೀಪು ಓಡಿಸುತ್ತಿದ್ದವರು ನಜೀರಣ್ಣ. ಚೀಲವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೆ.

ಬಿ.ಜಿ. ಕೆರೆ ದಾಟಿದ ಮೇಲೆ ಶೈಲಜಾ ತಿರುಗಿ ಹೇಳಿದಳು, "ಅಕ್ಕ, ಬೆಂಗಳೂರಿಂದ ಮೂವರು ಬರ್ತಾವ್ರೆ. ಪೆಟ್ಟಿಗೆ ನೆಟ್ಟಗೆ ಇಳಿದ್ರೆ ದುಡ್ಡು ಹಾಕ್ತಾರೆ, ಕಂಪನಿ ಉಳೀತೈತೆ. ಇಲ್ಲಾಂದ್ರೆ ಇವತ್ತಿಗೇ ಮುಗೀತು."

"ಇಳೀತೈತೆ ಬಿಡ್ರಿ," ಎಂದೆ.

"ಹೋದ ಸಲ ಹಾರಿಸಿದಾಗ ಬೇರೆ ಬಟ್ಟೆ ಹಾಕಿದ್ವಿ. ಒಂಚೂರು ಒದ್ದೆ ಇತ್ತು, ಮಡಿಕೆ ಅಂಟಿಕೊಂಡು ಬಿಚ್ಚಲೇ ಇಲ್ಲ. ಪೆಟ್ಟಿಗೆ ಕಲ್ಲಿನಂಗೆ ಬಂದು ನಜೀರಣ್ಣನ ಜೀಪಿನ ಟಾಪು ತೂತು ಮಾಡ್ತು."

ನಜೀರಣ್ಣ ಜೀಪಿನ ಟಾಪಿಗೆ ಹಾಕಿದ್ದ ತಗಡಿನ ತೇಪೆ ತೋರಿಸಿ, "ಒಳಗೆ ನಾನಿದ್ದಿದ್ರೆ ನನ್ ತಲೆಗೇ ಈ ತೇಪೆ ಹಾಕಿಸ್ತಿದ್ರು ಮೇಡಮ್ಮು," ಎಂದು ನಕ್ಕರು.

ನಾನು ನಗಲಿಲ್ಲ. ನನ್ನ ಕಣ್ಣು ಬೆರಳಿನ ಮೇಲೆ ಹೋಗಿತ್ತು. ಉಗುರಿನ ಸಂದಿಯಲ್ಲಿ ಹಿಂದಿನ ಸಂಜೆಯ ಅರಿಶಿನ ಒಣಗಿ ಕೂತಿತ್ತು. ಇನ್ನೊಂದು ಉಗುರಿಂದ ಕೆರೆದೆ. ಬಿಡಲಿಲ್ಲ. ಕಲ್ಲಾಗಿತ್ತು. ತೊಡೆಯ ಮೇಲಿನ ಚೀಲದೊಳಗೆ ಎಂಟು ಮಡಿಕೆಗಳ ನಡುವೆ ಅದೇ ಗಂಜಿ.

ಅಲ್ಲಿಂದ ಕಾವಲಿನವರೆಗೆ ಹೇಳಿಬಿಡಬೇಕು ಎಂದು ಬಾಯಿ ತೆರೆಯುತ್ತೇನೆ, ಮಾತು ಬರುವುದಿಲ್ಲ. ಗಂಜಿಯ ಮಾತೆತ್ತಿದರೆ ಅರಿಶಿನದ್ದೂ ಹೇಳಬೇಕು. ವಿಧವೆಯ ಕೈ ತಾಗಿದ್ದಕ್ಕೇ ಕೆಟ್ಟಿತು ಎಂದು ಊರೆಲ್ಲ ಆಡಿಕೊಂಡರೆ? ನಾಳೆ ನನ್ನ ಮಗ್ಗದ ಸೀರೆಯನ್ನು ಮದುವೆಗೆ ಯಾರು ಕೊಳ್ಳುತ್ತಾರೆ? ತಳಕು ಊರಿನಲ್ಲಿ ಜೀಪು ನಿಂತಾಗ ನಜೀರಣ್ಣ, "ಯಾಕಕ್ಕ ಮುಖ ಬಾಡೈತೆ? ರಾಕೆಟ್‌ನಾಗೆ ನಿಮ್ಮನ್ನೇ ಕೂರಿಸ್ತಾರೆ ಅಂತ ಭಯಾನಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

ಕಾವಲಿನಲ್ಲಿ ಆಳೆತ್ತರದ ರಾಕೆಟ್ಟು ಕಬ್ಬಿಣದ ಕಂಬಿಗೆ ಒರಗಿ ನಿಂತಿತ್ತು. ಬೆಂಗಳೂರಿನ ಮೂವರು ಆಗಲೇ ಬಂದಿದ್ದರು. ಶೈಲಜಾ ಚೀಲ ಕೇಳಿದಳು. ಕೊಟ್ಟೆ. ಕೊಡೆಯನ್ನು ಮಡಿಸಿದ ಹಾಗೆಯೇ ಪೆಟ್ಟಿಗೆಯ ಮೇಲೆ ತುರುಕಿ ಮುಚ್ಚಿದಳು. ಆಗಲೂ ಹೇಳಲಿಲ್ಲ.

ಅಷ್ಟರಲ್ಲಿ ಓಬಯ್ಯನೆಂಬ ಮುದುಕ ಕುರಿ ಹೊಡೆದುಕೊಂಡು ಬಂದ. ಆ ಕಡೆ ದೂರ ಹೋಗು ತಾತ ಎಂದು ಶೈಲಜಾ ಹೇಳಿದರೆ, "ಹೋಗ್ತೀನಿ ಕಣವ್ವ. ಕುರಿಗೆ ನಿಮ್ ರಾಕೆಟ್ಟು ಗೊತ್ತಾಗ್ತೈತಾ? ಹುಲ್ಲು ಎಲ್ಲೈತೋ ಅಲ್ಲಿಗೇ ಹೋಗ್ತವೆ," ಎಂದು ದೂರದ ಬದುವಿನ ಆಚೆ ಹೋಗಿ ಕುಳಿತ. ಅವನ ಮುಂಡಾಸು ಮಾತ್ರ ಕಾಣುತ್ತಿತ್ತು. ಕಲ್ಲಿನಂತೆ ಬೀಳುವ ಪೆಟ್ಟಿಗೆ ಎಲ್ಲಿ ಬೀಳುತ್ತದೆ ಎಂದು ಯಾರು ಬಲ್ಲರು? ಜೀಪಿನ ತಗಡಿನ ತೇಪೆ ನನ್ನ ಕಣ್ಣ ಮುಂದೆ ಬಂತು.

ಎಲ್ಲರೂ ಒಂದು ಹೊಲದಷ್ಟು ದೂರ ಸರಿದು ಮರಳು ಚೀಲಗಳ ಹಿಂದೆ ಕೂತೆವು. ಶೈಲಜಾಳ ಕೈಯಲ್ಲಿ ತಂತಿ ಜೋಡಿಸಿದ ಗುಂಡಿ, ಒತ್ತಿದರೆ ರಾಕೆಟ್ಟಿಗೆ ಬೆಂಕಿ ಹತ್ತುವುದು. ಅರವತ್ತರಿಂದ ಹಿಂದಕ್ಕೆ ಎಣಿಸತೊಡಗಿದಳು. ಅರವತ್ತು, ಐವತ್ತೊಂಬತ್ತು. "ಶೈಲಜಮ್ಮ" ಎಂದೆ. ಧ್ವನಿ ನನಗೇ ಕೇಳಲಿಲ್ಲ. ಮತ್ತೊಮ್ಮೆ ಕರೆದೆ. ಬಾಯಿಂದ ಬರೀ ಗಾಳಿ ಬಂತು.

ನಲವತ್ತಕ್ಕೆ ಬಂದಾಗ ಎದ್ದೆ. ಮಾತಾಡಲಾಗದ ನಾನು ಓಡಿದೆ. ಸೀರೆ ಎತ್ತಿ ಹಿಡಿದು ಮುಳ್ಳು ತುಳಿಯುತ್ತ ಓಡಿ ರಾಕೆಟ್ಟಿನ ಪಕ್ಕ ನಿಂತುಬಿಟ್ಟೆ. ಹಿಂದಿನಿಂದ "ಏಯ್, ಏಯ್ ಅಮ್ಮಾ!" ಎಂಬ ಕೂಗು. ಎಣಿಕೆ ನಿಂತಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಬುಡದಿಂದ ಬೆಂಕಿ ಬರುತ್ತದೆ, ಈಗ ಬರುತ್ತದೆ ಎಂದು ಕಣ್ಣು ಮುಚ್ಚಿಕೊಂಡೆ. ನಿಮ್ಮಮ್ಮನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಅವಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದೊಂದೇ ತಲೆಯಲ್ಲಿತ್ತು.

ಯಾರೋ ತೋಳು ಹಿಡಿದರು. ಶೈಲಜಾ. ಅವಳ ಮುಖ ಬಿಳಿಚಿತ್ತು. ತಂತಿಯನ್ನು ಕಿತ್ತು ಕೈಯಲ್ಲೇ ಹಿಡಿದುಕೊಂಡು ಓಡಿಬಂದಿದ್ದಳು. "ಏನಕ್ಕ ಇದು? ಸಾಯ್ತಿದ್ರಲ್ಲ!"

"ನಾನು ಅರಿಶಿನ ಹಚ್ಚಿಬಿಟ್ಟೀನಿ."

"ಹಚ್ಚಿದ್ರೆ ಏನೀಗ?"

"ನಾನೇ ಹಚ್ಚಿದ್ದು. ನನ್ನ ಕೈಯಾರೆ."

"ಅದಕ್ಕೆ ಇಲ್ಲಿ ಬಂದು ನಿಲ್ತಾರೇನಕ್ಕ? ನಮ್ಮವ್ವನೂ ಗಂಡ ಇಲ್ದೋಳೇ. ಹೊರಡೋ ಮುಂಚೆ ನನಗೆ ಕುಂಕುಮ ಇಟ್ಟು ಕಳಿಸ್ತಾಳೆ."

"ಗಂಜಿಯಾಗೆ ಕಲಸಿದ್ದೆ," ಎಂದೆ. "ಹಸಿ ಇದ್ದಂಗೇ ಮಡಿಸಿದೆ."

ಅವಳು ತೋಳು ಬಿಟ್ಟಳು. ರಾಕೆಟ್ಟಿನ ತುದಿ ಬಿಚ್ಚಿ ಕೊಡೆ ಹೊರತೆಗೆದು, ಹಗ್ಗ ಹಿಡಿದು ಜೋರಾಗಿ ಕೊಡವಿದಳು. ಬಟ್ಟೆ ಬಿಚ್ಚಲಿಲ್ಲ. ಮತ್ತೆ ಕೊಡವಿದಳು. ಎಂಟೂ ಪಟ್ಟಿಗಳು ಒಂದೇ ಹಲಗೆಯಂತೆ ಅಂಟಿದ್ದವು. ಅವಳು ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟಳು.

ಬೆಂಗಳೂರಿನವರಲ್ಲೊಬ್ಬರು ಹತ್ತಿರ ಬಂದು, "ಇಂಥವರನ್ನೆಲ್ಲ ಯಾಕಮ್ಮ ಈ ಕೆಲಸಕ್ಕೆ ಸೇರಿಸ್ಕೋತೀರಿ?" ಎಂದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಶೈಲಜಾ ಕೂತಲ್ಲಿಂದಲೇ ಹೇಳಿದಳು, "ಸಾರ್, ಮುಚ್ಚೋ ಮುಂಚೆ ಬಿಚ್ಚಿ ನೋಡಬೇಕಾದೋಳು ನಾನು. ನೋಡಲಿಲ್ಲ. ತಪ್ಪು ನಂದು. ಇವರಾದ್ರೂ ಬಂದು ಹೇಳಿದ್ರು. ಒಂದು ಗಂಟೆ ಕೊಡಿ."

ಆ ಒಂದು ಗಂಟೆ ನಾನು ಉಗುರಿನಿಂದ ಬೊಟ್ಟುಗಳನ್ನು ಬಿಡಿಸಿದೆ. ನೀರು ಹಾಕಿದರೆ ಮತ್ತೆ ಅಂಟುತ್ತದೆ, ಜೋರಾಗಿ ಎಳೆದರೆ ರೇಷ್ಮೆ ಹರಿಯುತ್ತದೆ. ಉಗುರು ಸೀಳಿ ರಕ್ತ ಬಂತು. ನಜೀರಣ್ಣ ನೆರಳಿಗೆ ಟವೆಲ್ ಹಿಡಿದು ನಿಂತಿದ್ದರು. "ನನ್ ಜೀಪಿಗೆ ಇನ್ನೊಂದು ತೇಪೆ ಉಳಿಸಿದ್ರಿ ಅಕ್ಕ," ಎಂದರು. ಒಣ ಬಟ್ಟೆಯಿಂದ ಉಜ್ಜಿ, ಕೊಡವಿ, ಇಬ್ಬರೂ ಸೇರಿ ಮತ್ತೆ ಮಡಿಸಿದೆವು.

ಮತ್ತೆ ಅರವತ್ತರಿಂದ ಎಣಿಕೆ. ಈ ಸಲ ನನ್ನ ಕೈ ಶೈಲಜಾಳ ಸೆರಗು ಹಿಡಿದಿತ್ತು. ರಾಕೆಟ್ಟು ಸೀಳಿದಂತೆ ಸದ್ದು ಮಾಡಿ ಹೋಯಿತು. ಕುರಿಗಳು ಚದುರಿದವು. ಮೇಲೆ ಕಣ್ಣಿಗೆ ಏನೂ ಕಾಣದು. ಆಮೇಲೆ ಸಣ್ಣದೊಂದು ಚುಕ್ಕೆ ಬೀಳತೊಡಗಿತು. ಬೀಳುತ್ತಲೇ ಇತ್ತು. ಓಬಯ್ಯ ಕುಳಿತಿದ್ದ ಬದುವಿನ ಕಡೆಗೇ. "ತಾತಾ, ಏಳು!" ಎಂದು ಕಿರುಚಿದೆ. ಅಷ್ಟು ಜೋರು ನನ್ನ ಗಂಟಲಲ್ಲಿ ಇತ್ತೆಂದು ಆವತ್ತೇ ಗೊತ್ತಾದದ್ದು. ಓಬಯ್ಯ ಏಳಲಿಲ್ಲ, ಮುಂಡಾಸು ಹಿಂದಕ್ಕೆ ಮಾಡಿ ಮೇಲೆ ನೋಡುತ್ತಿದ್ದ.

ಆಗ ಕೊಡೆ ಬಿಚ್ಚಿತು.

ಬದುವಿನಿಂದ ನಾಲ್ಕು ಮಾರು ಆಚೆ ಪೆಟ್ಟಿಗೆ ಮೆಲ್ಲಗೆ ಕೂತಿತು. ಓಬಯ್ಯ ರೇಷ್ಮೆಯನ್ನು ಹೆಗಲ ಮೇಲೆ ಹೊದ್ದು, ಪೆಟ್ಟಿಗೆಯನ್ನು ಕುರಿಮರಿಯಂತೆ ಕಂಕುಳಲ್ಲಿ ಹಿಡಿದು ತಂದ. ನೇಯ್ದವಳು ನಾನೆಂದು ನಜೀರಣ್ಣ ತೋರಿಸಿದರು. "ಒಳ್ಳೇ ಬಟ್ಟೆ ಕಣವ್ವ. ಇಷ್ಟು ನೇಯ್ದೋಳು ಒಂದು ಅಂಚು ಹಾಕೋಕೆ ಯಾಕೆ ಜಿಪುಣತನ ಮಾಡಿದೆ?" ಎಂದ. ಎಲ್ಲರೂ ನಕ್ಕರು. ನಾನು ಜೀಪಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ.

ಶೈಲಜಾಳ ಕಂಪನಿ ಉಳಿಯಿತು, ಬೆಳೆಯಿತು. ತಗಡಿನ ಶೆಡ್ಡು ಹೋಗಿ ದೊಡ್ಡ ಕಟ್ಟಡವಾಯಿತು, ಪೇಪರಿನಲ್ಲಿ ಅವಳ ಫೋಟೋ ಬಂತು. ಹಾರಿಸುವ ಮುಂಚೆ ಅಲ್ಲಿ ಕೆಲಸ ಮಾಡುವ ಎಲ್ಲರನ್ನೂ ನಿಲ್ಲಿಸಿ, ಹೇಳದೆ ಉಳಿದದ್ದು ಯಾರಿಗಾದರೂ ಏನಾದರೂ ಇದೆಯೇ ಎಂದು ಅವಳು ಕೇಳುತ್ತಾಳಂತೆ. ಹೇಳಿದವರನ್ನು ಬೈಯುವುದಿಲ್ಲವಂತೆ. ನಜೀರಣ್ಣ ಹೇಳಿದ್ದು ಇದು.

ಅವಳು ಆ ಕೊಡೆಯನ್ನು ನನಗೇ ವಾಪಸ್ಸು ಕಳಿಸಿಕೊಟ್ಟಳು. ಈಗಲೂ ಒಮ್ಮೊಮ್ಮೆ ಮಧ್ಯಾಹ್ನ ಮಲಗಿದಾಗ ಅರವತ್ತು, ಐವತ್ತೊಂಬತ್ತು ಎಂದು ಕೇಳಿಸುತ್ತದೆ. ಕನಸಿನಲ್ಲಿ ನಾನು ಎದ್ದಿರುವುದಿಲ್ಲ, ಚೀಲಗಳ ಹಿಂದೆಯೇ ಕೂತಿರುತ್ತೇನೆ. ಬೆವತು ಎದ್ದು ಟ್ರಂಕು ತೆಗೆದು ಬಟ್ಟೆ ಮುಟ್ಟಿ ನೋಡುತ್ತೇನೆ. ಆ ಎಂಟು ಹಳದಿ ಕಲೆಗಳು ಹೋಗಿಲ್ಲ. ಮುಂದೊಂದು ದಿನ ಟ್ರಂಕು ನಿಮ್ಮ ಕೈಗೆ ಬರುತ್ತದೆ. ಕೊಳೆ ಎಂದುಕೊಂಡು ತೊಳೆಯಲು ಹೋಗಬೇಡಿ.