ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮಾರಾಯ್ರೇ, ಇವತ್ತು ಜಗಳ ಆಡಲೆಂದೇ ಆಫೀಸಿನಿಂದ ಬೇಗ ಹೊರಟೆ. ಶಾಲೆ ಬಿಟ್ಟ ಮೇಲೆ ಮಗಳು ಇರುವುದು ಸಾಗರ ಪೇಟೆಯಲ್ಲಿ ನಮ್ಮ ಬೀದಿಯ ಸರೋಜಕ್ಕ ನಡೆಸುವ ಮಕ್ಕಳ ಕ್ಲಬ್ಬಿನಲ್ಲಿ. ನಿನ್ನೆ ಅವಳು ಕುಣಿಯುತ್ತಾ ಬಂದು, "ಅಮ್ಮಾ, ಲಗೋರೀಲಿ ನಾನು ಆಟಕ್ಕುಂಟು, ಲೆಕ್ಕಕ್ಕಿಲ್ಲ" ಅಂದಿದ್ದಳು. ನನಗೆ ಮೈಯೆಲ್ಲ ಉರಿದಿತ್ತು.

"ನನ್ನ ಮಗಳು ಯಾಕೆ ಲೆಕ್ಕಕ್ಕಿಲ್ಲ?" ಎಂದು ಕ್ಲಬ್ಬಿಗೆ ಹೋದವಳೇ ಸರೋಜಕ್ಕನನ್ನು ಕೇಳಿದೆ.

ಸರೋಜಕ್ಕ ನಕ್ಕರು. "ಎಲ್ಲರಿಗಿಂತ ಸಣ್ಣೋಳಲ್ವಾ? ಔಟಾದ್ರೆ ಸುಮ್ನೆ ಕೂರ್ಬೇಕಾಗುತ್ತೆ ಅಂತ ದೊಡ್ಡ ಮಕ್ಳೇ ಮಾಡಿದ್ದು. ಸ್ವಲ್ಪ ನಿಂತು ನೋಡಿ."

ನೋಡಿದೆ. ಚೆಂಡು ಮಗಳ ಬೆನ್ನಿಗೆ ಬಡಿಯಿತು. ಎಸೆದ ಹುಡುಗಿಯೇ ಓಡಿ ಬಂದು ಅವಳ ಫ್ರಾಕಿನ ಮಣ್ಣು ಕೊಡವಿ, "ನೀ ಆಡೇ" ಅಂದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಅಷ್ಟರಲ್ಲಿ ಮಕ್ಕಳು ನನ್ನನ್ನೂ ಎಳೆದುಕೊಂಡರು. ಮೊದಲ ಚೆಂಡಿಗೇ ಔಟು! ಏದುಸಿರು ಬಿಡುತ್ತಾ ಹೊರಗೆ ಹೊರಟರೆ ಮಗಳು ಸೆರಗು ಹಿಡಿದು ಕೂಗಿದಳು: "ಅಮ್ಮಂಗೆ ಓಡಕ್ಕೇ ಬರಲ್ಲ. ಅಮ್ಮನೂ ಆಟಕ್ಕುಂಟು, ಲೆಕ್ಕಕ್ಕಿಲ್ಲ!"

ಎಲ್ಲರೂ ಒಪ್ಪಿದರು. ಸೋತರೂ ಹೊರಗೆ ಹೋಗು ಅನ್ನದ ಜಾಗ ಈ ವಯಸ್ಸಿನಲ್ಲಿ ಎಲ್ಲಿ ಸಿಗುತ್ತದೆ ಹೇಳಿ?

ನಾಳೆ ಸೀರೆ ಬೇಡ, ಚೂಡಿದಾರ ಹಾಕಿಕೊಂಡು ಹೋಗಬೇಕು.