ಅಪ್ಪನ ಎರಡು ಕೋಲು

ಅಪ್ಪ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ತರಗತಿ ಎರಡನೆಯ ಮಹಡಿಯಲ್ಲಿತ್ತು. ಲಿಫ್ಟ್ ಇರಲಿಲ್ಲ. ಮೊಣಕಾಲಿನ ಆಪರೇಷನ್ ಆಗಿ ಅವರು ಮನೆ ಸೇರಿದಾಗ ಟರ್ಮ್ ಶುರುವಾಗಲು ಆರು ವಾರವಿತ್ತು. ಅಷ್ಟರಲ್ಲಿ ಮೆಟ್ಟಿಲು ಹತ್ತಲಾಗದಿದ್ದರೆ ತರಗತಿ ಬೇರೆಯವರ ಪಾಲು. ಕೋಲು ಹಿಡಿದು ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಲೆಕ್ಕ ಬರೆಯುವುದು ನನ್ನ ಕೆಲಸ. ಹದಿನಾಲ್ಕರ ವಯಸ್ಸಿನಲ್ಲಿ ನಾನು ಮಳೆ ಬಂದ ದಿನ, ಕರೆಂಟು ಹೋದ ದಿನ ಎಲ್ಲವನ್ನೂ ಡೈರಿಯಲ್ಲಿ ಗುರುತಿಡುತ್ತಿದ್ದೆ. ಅಪ್ಪನ ಪುಟದಲ್ಲಿ ಮೊದಲ ವಾರ ಬರೀ ಸೊನ್ನೆ.

“ಕೋಲು ಹಿಡಿದು ಗೇಟು ದಾಟಿದ್ರೆ ಇಡೀ ಪಾರ್ಕ್‌ಲ್ಯಾಂಡ್ಸ್ ಬಡಾವಣೆ ನನ್ನನ್ನ ತಾತ ಅನ್ನುತ್ತೆ,” ಎನ್ನುತ್ತಿದ್ದರು ಅಪ್ಪ.

ನಮ್ಮ ಕೆಳಗಿನ ಫ್ಲಾಟಿನಲ್ಲಿ ಫಿನ್ಲೆಂಡಿನ ನರ್ಸ್ ಒಬ್ಬರಿದ್ದರು. ಬೆಳಿಗ್ಗೆ ಎರಡು ಉದ್ದ ಕೋಲು ಊರುತ್ತ ವೇಗವಾಗಿ ನಡೆಯುತ್ತಿದ್ದರು. ಗೇಟಿನ ಕಾವಲುಗಾರ ದಿನವೂ, “ಹಿಮ ಎಲ್ಲಿ ಮೇಡಂ?” ಎಂದು ಛೇಡಿಸುತ್ತಿದ್ದ. ಒಂದು ಭಾನುವಾರ ಅವರು ಚಹಾಕ್ಕೆ ಬಂದಾಗ ಅಪ್ಪ ಆ ನಡಿಗೆ ಏನೆಂದು ಕೇಳಿದರು.

“ಸೌವಾಕ್ಯಾವೆಲು,” ಎಂದರು. ಸೌವಾ ಎಂದರೆ ಕೋಲು, ಕ್ಯಾವೆಲು ಎಂದರೆ ನಡಿಗೆ. ಕೋಲೂರಿ ಹಿಮದ ಮೇಲೆ ಜಾರುವ ಆಟಗಾರರು ಬೇಸಿಗೆಯಲ್ಲಿ ಮೈ ಸಡಿಲವಾಗದಿರಲೆಂದು ಅದೇ ಕೋಲು ಹಿಡಿದು ನಡೆಯುವುದು ಹಳೆಯ ರೂಢಿ. ಆಟಗಾರರಲ್ಲದವರೂ ಹಾಗೆ ನಡೆಯತೊಡಗಿದ್ದು ಈಚೆಗೆ. ಆಗ ಅದಕ್ಕೊಂದು ಹೆಸರು ಬೇಕಾಯಿತು, ಎರಡು ಪದ ಕೂಡಿಸಿದರು. “ನನ್ನ ಅಮ್ಮನಿಗೆ ಈ ಪದ ಗೊತ್ತಿಲ್ಲ. ತಂಗಿಯ ಕಾಗದದಲ್ಲೇ ನಾನೂ ಮೊದಲು ಓದಿದ್ದು.”

“ಅಂದ್ರೆ ಇದು ಆಟಗಾರರದ್ದು!” ಎಂದರು ಅಪ್ಪ. ಮರುದಿನ ನರ್ಸ್ ಅವರ ಇನ್ನೊಂದು ಜೊತೆ ಕೋಲು ನಮ್ಮ ಮನೆಯಲ್ಲಿತ್ತು.

ಅಮ್ಮ ನಕ್ಕರು. “ಒಂದು ಬೇಡ ಅಂದೋರು ಎರಡು ಹಿಡ್ಕೊಂಡ್ರಲ್ಲ!”

ಎರಡನೆಯ ವಾರ ದಿನಕ್ಕೆ ಕಾಂಪೌಂಡಿನ ನಾಲ್ಕು ಸುತ್ತು. ನಾಲ್ಕನೆಯ ವಾರ ಹನ್ನೊಂದು. ಕಾಲೇಜು ಶುರುವಾಗುವ ಮುಂಚಿನ ಶನಿವಾರ ದೇವಸ್ಥಾನಕ್ಕೆ ಹೋದೆವು. ಚಪ್ಪಲಿ ಬಿಡುವಲ್ಲಿ ಅಪ್ಪ ಕೋಲನ್ನೂ ಬಿಟ್ಟರು. ಹೊರಬಂದು ಚಪ್ಪಲಿ ಮೆಟ್ಟಿ, ಮಾತಾಡುತ್ತ ಹೊರಟೇಬಿಟ್ಟರು. ನಾನು ಬಾಯಿ ತೆರೆದಾಗ ಅಮ್ಮ ಕೈ ಚಿವುಟಿದರು. ಎಣಿಸಿದೆ. ಇನ್ನೂರ ಹದಿನೇಳನೆಯ ಹೆಜ್ಜೆಗೆ ಅಪ್ಪ ನಿಂತರು.

“ನನ್ನ ಕೋಲೆಲ್ಲೇ?”

ಹಿಂತಿರುಗಿದೆವು. ಅಜ್ಜಿಯೊಬ್ಬರು ಆ ಕೋಲುಗಳಲ್ಲೊಂದರಿಂದ ರಾಶಿಯೊಳಗಿನ ತಮ್ಮ ಚಪ್ಪಲಿಯನ್ನು ಎಳೆದುಕೊಳ್ಳುತ್ತಿದ್ದರು.

ಸೋಮವಾರ ಅಪ್ಪ ಎರಡೂ ಕೋಲು ತೆಗೆದುಕೊಂಡೇ ಹೋದರು. ಸಂಜೆ ನಾನು ಡೈರಿ ತೆರೆದು ಕುಳಿತೆ.

“ಮೆಟ್ಟಿಲು ಎಷ್ಟು?”

“ನಲವತ್ನಾಲ್ಕು. ಮಧ್ಯೆ ಒಂದ್ಸಲ ನಿಂತೆ, ಅದನ್ನೂ ಬರ್ಕೋ.”

“ಹುಡುಗ್ರು ತಾತ ಅಂದ್ರಾ?”

“ಇಲ್ಲ,” ಎಂದು ಅಪ್ಪ ಬೂಟು ಬಿಚ್ಚಿದರು. “ಹಿಮ ಎಲ್ಲಿ ಸಾರ್ ಅಂದ್ರು.”